ಹತ್ತು ತೆಂಗಿನಕಾಯಿಗೆ ಎಷ್ಟು?

ಮಕ್ಕಳೇ, ಮೊದಲು ಒಂದು ಲೆಕ್ಕ. ಹೆದರಬೇಡಿ, ಸುಲಭದ್ದೇ. ಒಂದು ತೆಂಗಿನಕಾಯಿಗೆ ಮೂವತ್ತೈದು ರೂಪಾಯಿ ಆದರೆ ಹತ್ತು ಕಾಯಿಗೆ ಎಷ್ಟು?

ಮುನ್ನೂರ ಐವತ್ತು ಅಂದಿರಿ ತಾನೇ? ಹೇಗೆ ಅಂದಿರಿ ಅಂತಲೂ ನನಗೆ ಗೊತ್ತು. 35ರ ಪಕ್ಕದಲ್ಲಿ ಒಂದು ಸೊನ್ನೆ ಅಂಟಿಸಿದಿರಿ. ಹತ್ತರಿಂದ ಗುಣಿಸುವಾಗ ಸೊನ್ನೆ ಸೇರಿಸಿದರೆ ಆಯಿತು ಅಂತ ಟೀಚರ್ ಹೇಳಿಕೊಟ್ಟಿದ್ದಾರೆ. ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ.

ಇದೇ ಲೆಕ್ಕವನ್ನು ಬಹಳ ದೂರದ ಒಬ್ಬ ಹುಡುಗ ಬೇರೆಯೇ ದಾರಿ ಹಿಡಿದು ಮಾಡಿದ. ಅವನ ಊರು ಬ್ರೆಜಿಲ್ ದೇಶದ ರೆಸಿಫೆ. ನಮ್ಮ ಮಂಗಳೂರಿನ ಹಾಗೆ ಅದೂ ಕಡಲ ದಂಡೆಯ ಪಟ್ಟಣ, ಅಲ್ಲೂ ತೆಂಗು ಬೆಳೆಯುತ್ತದೆ. ಹುಡುಗನಿಗೆ ಹನ್ನೆರಡು ವರ್ಷ. ಬೀದಿಯಲ್ಲಿ ಕಾಯಿ ಮಾರುತ್ತಿದ್ದ. ಆಗ ಅಲ್ಲಿಯ ದುಡ್ಡಿನ ಹೆಸರು ಕ್ರುಜೇರೊ. ಒಂದು ಕಾಯಿಗೆ 35 ಕ್ರುಜೇರೊ. ಗಿರಾಕಿಯೊಬ್ಬರು ಬಂದು, ಹತ್ತು ಕಾಯಿಗೆ ಎಷ್ಟಪ್ಪಾ ಅಂತ ಕೇಳಿದರು.

ಹುಡುಗ ಸೊನ್ನೆ ಸೇರಿಸಲಿಲ್ಲ. ಬಾಯಲ್ಲೇ ಗುನುಗಿಕೊಂಡ. ಮೂರು ಕಾಯಿಗೆ ನೂರ ಐದು ಅಂದ. ಇನ್ನು ಮೂರು ಸೇರಿಸಿದರೆ ಇನ್ನೂರ ಹತ್ತು. ಇನ್ನೂ ನಾಲ್ಕು ಬಾಕಿ ಅಂತ ತನಗೆ ತಾನೇ ನೆನಪು ಮಾಡಿಕೊಂಡ. ಮತ್ತೆ ಮೂರು ಸೇರಿಸಿ ಮುನ್ನೂರ ಹದಿನೈದಕ್ಕೆ ಬಂದ. ಉಳಿದ ಒಂದನ್ನೂ ಸೇರಿಸಿ ಮುನ್ನೂರ ಐವತ್ತು ಅಂದುಬಿಟ್ಟ.

ಅವನು ಮೂರು ಮೂರಾಗಿ ಎಣಿಸಿದ್ದು ಯಾಕೆ? ಸ್ವಲ್ಪ ಕಣ್ಣು ಮುಚ್ಚಿ ಅವನ ಗಾಡಿಯನ್ನು ನೆನೆಸಿಕೊಳ್ಳಿ. ದಿನವಿಡೀ ಜನ ಬಂದು ಮೂರು ಕೊಡು, ಮೂರು ಕೊಡು ಅಂತ ಕೇಳಿರಬೇಕು. ಮೂರು ಕಾಯಿಯ ಬೆಲೆ ಅವನ ನಾಲಗೆಯ ತುದಿಯಲ್ಲೇ ಇತ್ತು. ನಮಗೆ ಐದರ ಮಗ್ಗಿ ಹೇಗೋ ಅವನಿಗೆ ನೂರ ಐದು ಹಾಗೆ. ಶಾಲೆಯಲ್ಲಿ ಯಾರೂ ಕಲಿಸದ ಮಗ್ಗಿ ಅದು. ಗಿರಾಕಿಗಳು ಕಲಿಸಿದ್ದು.

ಕಾಯಿ ಕೇಳಲು ಬಂದವರೂ ನಿಜವಾದ ಗಿರಾಕಿಗಳಲ್ಲ! ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ತಿಳಿಯಲು ಹೊರಟ ಸಂಶೋಧಕರು ಹಾಗೆ ವೇಷ ಹಾಕಿದ್ದರು. ತೆರೆಸಿನ್ಯಾ ನೂನೆಸ್, ಡೇವಿಡ್ ಕರಾಹೆರ್, ಅನಲೂಸಿಯಾ ಶ್ಲೀಮನ್ ಎಂಬ ಮೂವರು ಸೇರಿ ನಡೆಸಿದ ಕೆಲಸ ಇದು. ಅವರ ಬರಹ 1985ರಲ್ಲಿ ಅಚ್ಚಾಯಿತು. ಒಂಬತ್ತರಿಂದ ಹದಿನೈದು ವರ್ಷದ ಐದೇ ಐದು ಮಕ್ಕಳ ಜೊತೆ ಮಾತಾಡಿದ್ದರು. ಆದರೂ ಇವತ್ತಿಗೂ ಜನ ಆ ಮಕ್ಕಳನ್ನು ನೆನೆಯುತ್ತಾರೆ.

ಯಾಕೆ ನೆನೆಯುತ್ತಾರೆ ಅಂದರೆ, ಕತೆಯ ಎರಡನೇ ಭಾಗದಿಂದ. ಒಂದು ವಾರದ ನಂತರ ಅದೇ ಸಂಶೋಧಕರು ಅದೇ ಮಕ್ಕಳ ಮುಂದೆ ಕಾಗದ, ಪೆನ್ಸಿಲ್ ಇಟ್ಟರು. ಬೀದಿಯಲ್ಲಿ ಕೇಳಿದ್ದ ಲೆಕ್ಕಗಳನ್ನೇ ಶಾಲೆಯ ಉಡುಪು ತೊಡಿಸಿ ಕೊಟ್ಟರು.

ನಮ್ಮ ಹುಡುಗನಿಗೆ ಬೀದಿಯಲ್ಲಿ ನಾಲ್ಕು ಕಾಯಿಯ ಬೆಲೆಯನ್ನೂ ಕೇಳಿದ್ದರು. ಮೂರಕ್ಕೆ ನೂರ ಐದು, ಅದಕ್ಕೆ ಮೂವತ್ತು ಸೇರಿಸಿದರೆ ನೂರ ಮೂವತ್ತೈದು, ಕಾಯಿಗೆ ಮೂವತ್ತೈದಲ್ಲವೇ, ಹಾಗಾದರೆ ನೂರ ನಲವತ್ತು. ಹೀಗೆ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಸರಿಯಾದ ಉತ್ತರ ಮುಟ್ಟಿದ್ದ. ಈಗ ಕಾಗದದ ಮೇಲೆ ಬರೆದದ್ದು 35 × 4. ಕಾಯಿ ಇಲ್ಲ, ಗಾಡಿ ಇಲ್ಲ, ದುಡ್ಡಿಲ್ಲ.

ಹುಡುಗ ಪೆನ್ಸಿಲ್ ಹಿಡಿದ. ನಾಲ್ಕೈದಲೆ ಇಪ್ಪತ್ತು, ಎರಡು ದಶಕ ಅಂದ. ಆ ಎರಡನ್ನು ಮೂರಕ್ಕೆ ಮೊದಲೇ ಕೂಡಿಸಿಬಿಟ್ಟ, ಐದಾಯಿತು. ನಾಲ್ಕೈದಲೆ ಮತ್ತೆ ಇಪ್ಪತ್ತು. ಬರೆದ ಉತ್ತರ 200.

ನಗಬೇಡಿ, ನಾನೂ ಚಿಕ್ಕವನಿದ್ದಾಗ ಇದೇ ತಪ್ಪನ್ನು ಎಷ್ಟು ಸಲ ಮಾಡಿದ್ದೇನೋ. ಮೊದಲು ಗುಣಿಸಿ ಆಮೇಲೆ ದಶಕ ಕೂಡಿಸಬೇಕು. ಅವನು ಮೊದಲು ಕೂಡಿಸಿ ಆಮೇಲೆ ಗುಣಿಸಿದ. ನೀವು ನೋಡಬೇಕಾದ್ದು ಬೇರೆ. ಬೀದಿಯಲ್ಲಿ ಯಾರಾದರೂ ನಾಲ್ಕು ಕಾಯಿಗೆ ಇನ್ನೂರು ಅಂದಿದ್ದರೆ ಇದೇ ಹುಡುಗ ಬಿದ್ದು ಬಿದ್ದು ನಗುತ್ತಿದ್ದ. ಒಂದು ಕಾಯಿಗೆ ಐವತ್ತು ಬಿತ್ತಲ್ಲ ಅನ್ನುತ್ತಿದ್ದ. ಕಾಗದದ ಮೇಲಿನ 200 ಅವನಿಗೆ ನಗು ತರಿಸಲಿಲ್ಲ. ಅಲ್ಲಿ ಅದು ಯಾವುದರ ಬೆಲೆಯೂ ಅಲ್ಲ, ಬರೀ ಗೀಟು.

ನಮ್ಮ ಕಡೆ ಹೊಲದಲ್ಲಿ ಅಟ್ಟಣೆ ಕಟ್ಟಿ ಒಬ್ಬ ಕಾವಲು ಕೂರುತ್ತಾನೆ, ನೋಡಿದ್ದೀರಾ? ಹಂದಿ ನುಗ್ಗಿದರೆ ಕೂಗು ಹಾಕುತ್ತಾನೆ. ಸಂತೆಯ ಲೆಕ್ಕಕ್ಕೆ ಇಂಥ ಕಾವಲುಗಾರರು ಬೇಕಾದಷ್ಟು. ಎದುರಿಗಿರುವ ಕಾಯಿ, ಕೈಯಲ್ಲಿರುವ ಚಿಲ್ಲರೆ, ಕಣ್ಣು ಬಿಟ್ಟು ನಿಂತ ಗಿರಾಕಿ, ಪಕ್ಕದ ಗಾಡಿಯವನು. ತಪ್ಪು ನುಗ್ಗಿದರೆ ಯಾರಾದರೊಬ್ಬರು ಕೂಗುತ್ತಾರೆ. ಕಾಗದದ ಮೇಲೆ ಹುಡುಗ ಒಬ್ಬನೇ.

ಐವರದೂ ಹೀಗೇ ಆಯಿತು. ಬೀದಿಯಲ್ಲಿ ಅವರ ಉತ್ತರ ನೂರಕ್ಕೆ 98 ಸರಿ. ಕಾಗದದ ಮೇಲೆ ಕತೆಯಂತೆ ಬರೆದುಕೊಟ್ಟ ಲೆಕ್ಕಗಳಲ್ಲಿ ನೂರಕ್ಕೆ ಸುಮಾರು 74. ಬರೀ ಅಂಕಿ, ಬರೀ ಚಿಹ್ನೆ ಇದ್ದಾಗ ನೂರಕ್ಕೆ ಸುಮಾರು 37. ತಲೆ ಅದೇ, ಲೆಕ್ಕವೂ ಅದೇ. ಬದಲಾದದ್ದು ಸುತ್ತಲಿನದು ಮಾತ್ರ.

ಹಾಗಾದರೆ ಆ ಮಕ್ಕಳು ಜಾಣರೋ ದಡ್ಡರೋ? ನಾನಾದರೆ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಮೀನು ಜೋರಾಗಿ ಓಡುತ್ತದೋ ಇಲ್ಲವೋ ಅಂತ ಅಂಗಳದಲ್ಲಿ ಬಿಟ್ಟು ನೋಡಿದ ಹಾಗಾಯಿತು.

ನಮ್ಮ ದೇಶಕ್ಕೆ ಬರೋಣ. ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಮಕ್ಕಳ ಜೊತೆ ಇಂಥದ್ದೇ ಕೆಲಸ ನಡೆಯಿತು. ಈ ಸಲ ಐವರಲ್ಲ, 1,436 ಮಕ್ಕಳು! 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಈ ಕೆಲಸ ಮಾಡಿದ ತಂಡದಲ್ಲಿದ್ದರು. ಅದರ ವರದಿ 2025ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು.

ಎಂಥ ಲೆಕ್ಕ ಅಂತೀರಾ? ಆಲೂಗಡ್ಡೆ ಕಿಲೋಗೆ ಇಪ್ಪತ್ತು ರೂಪಾಯಿ, ಎಂಟುನೂರು ಗ್ರಾಂ ಕೊಡು. ಈರುಳ್ಳಿ ಕಿಲೋಗೆ ಹದಿನೈದು, ಒಂದು ಕಿಲೋ ನಾನೂರು ಗ್ರಾಂ ಕೊಡು. ತಗೋ ಇನ್ನೂರರ ನೋಟು, ಚಿಲ್ಲರೆ ಎಷ್ಟು ಕೊಡುತ್ತೀಯ? ಓದುವುದನ್ನು ಇಲ್ಲಿಗೆ ನಿಲ್ಲಿಸಿ ನೀವೇ ಒಮ್ಮೆ ಮಾಡಿ ನೋಡಿ. ಪೆನ್ಸಿಲ್ ಮುಟ್ಟಬಾರದು.

ಆಯಿತಾ? ತಕ್ಕಡಿ ಹಿಡಿದವರ ದಾರಿ ಹೀಗಿರಬಹುದು. ಕಿಲೋಗೆ ಇಪ್ಪತ್ತು ಅಂದರೆ ನೂರು ಗ್ರಾಮಿಗೆ ಎರಡು ರೂಪಾಯಿ, ಎಂಟು ನೂರಕ್ಕೆ ಹದಿನಾರು. ಈರುಳ್ಳಿ ಒಂದು ಕಿಲೋಗೆ ಹದಿನೈದು ಇದ್ದೇ ಇದೆ, ನೂರು ಗ್ರಾಮಿಗೆ ಒಂದೂವರೆ, ನಾನೂರಕ್ಕೆ ಆರು, ಒಟ್ಟು ಇಪ್ಪತ್ತೊಂದು. ಎರಡೂ ಸೇರಿ ಮೂವತ್ತೇಳು. ಇನ್ನೂರರಲ್ಲಿ ಮೂವತ್ತೇಳು ಹೋದರೆ ನೂರ ಅರವತ್ಮೂರು. ಎಷ್ಟು ಮೆಟ್ಟಿಲು ಇದೆ ನೋಡಿ! ಬೇಕೆಂದೇ ಜನ ಸಾಮಾನ್ಯವಾಗಿ ಕೇಳದ ತೂಕಗಳನ್ನು ಕೇಳಿದ್ದರು, ಬಾಯಿಪಾಠದ ಉತ್ತರ ಬರದಿರಲಿ ಅಂತ. ಆದರೂ ಮಾರುಕಟ್ಟೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ತಮ್ಮ ವ್ಯಾಪಾರದ ಲೆಕ್ಕವನ್ನು ಸರಿಯಾಗಿ ಮಾಡುತ್ತಿದ್ದರು. ಅದಕ್ಕಿಂತ ಸುಲಭದ ಶಾಲೆಯ ಲೆಕ್ಕವನ್ನು ಕಾಗದದಲ್ಲಿ ಕೊಟ್ಟರೆ ಮಾತ್ರ ರೆಸಿಫೆಯ ಹುಡುಗನ ಹಾಗೆ ಮುಗ್ಗರಿಸಿದರು.

ಈ ತಂಡ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಸಂತೆಗೆ ಕೂತವರಲ್ಲದ, ಅಕ್ಕಪಕ್ಕದ ಶಾಲೆಗಳಲ್ಲಿ ಓದುವ 471 ಮಕ್ಕಳನ್ನೂ ಕೇಳಿತು. ಇವರದು ಪೂರಾ ತಿರುಗುಮುರುಗು! ಕಾಗದದ ಸುಲಭ ಲೆಕ್ಕದಲ್ಲಿ ಇವರೇ ಮುಂದೆ. ಆದರೆ ಮಾರುಕಟ್ಟೆಯ ಮಕ್ಕಳಲ್ಲಿ ಮೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಬಿಡಿಸಿದ ಇನ್ನೊಂದು ಸಂತೆಯ ಲೆಕ್ಕವನ್ನು ಇವರಲ್ಲಿ ನೂರಕ್ಕೆ ಒಬ್ಬರು ಮಾತ್ರ ಬಿಡಿಸಿದರು. ಉಳಿದವರು ಬರೆದೇ ಬರೆದರು, ಕಾಲ ಕಳೆಯಿತು. ನಿಜವಾದ ಗಿರಾಕಿಯಾಗಿದ್ದರೆ ಪಕ್ಕದ ಅಂಗಡಿಗೆ ಹೋಗಿ ಬಹಳ ಹೊತ್ತಾಗಿರುತ್ತಿತ್ತು.

ಆ ನೂರರಲ್ಲಿ ನಾನೂ ತೊಂಬತ್ತೊಂಬತ್ತರ ಕಡೆಯವನೇ. ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬರುತ್ತಿತ್ತು, ಜಂಭವೂ ಇತ್ತು. ಒಂದು ದಿನ ಅಜ್ಜಿ ಸಂತೆಗೆ ಕಳಿಸಿದಳು. ಬೆಲ್ಲದ ವ್ಯಾಪಾರಿ ತೂಗಿ, ಲೆಕ್ಕ ಹೇಳಿ, ಚಿಲ್ಲರೆಯನ್ನು ಅಂಗೈಗೆ ಹಾಕಿ ಮುಂದಿನವರ ಕಡೆ ತಿರುಗಿಯೇಬಿಟ್ಟ. ನಾನಿನ್ನೂ ಮನಸ್ಸಿನಲ್ಲಿ ದಶಕ ಹಿಡಿದು ನಿಂತಿದ್ದೆ. ಮನೆಗೆ ಬಂದಾಗ ಅಜ್ಜಿ ಕೈ ನೋಡಿ, ಎರಡು ರೂಪಾಯಿ ಕಮ್ಮಿ ಐತಲ್ಲೋ ಮಗಾ ಅಂದಳು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ.

ಸಂತೆಯೇ ಶಾಲೆಗಿಂತ ಮೇಲು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮಕ್ಕಳು ದುಡಿಯಲು ಹೋಗಿ ಶಾಲೆ ತಪ್ಪಿಸಿಕೊಳ್ಳುವುದು ಯಾವ ಕಾಲಕ್ಕೂ ಸರಿಯಲ್ಲ. ಕಾಗದದ ಲೆಕ್ಕಕ್ಕೂ ಅದರದೇ ಶಕ್ತಿ ಇದೆ. ಮೂರು ಮೂರು ಕಾಯಿ ಎಣಿಸುತ್ತಾ ಚಂದ್ರ ಎಷ್ಟು ದೂರ ಅಂತ ಕಂಡುಹಿಡಿಯಲು ಆಗುವುದಿಲ್ಲ. ಸೊನ್ನೆ ಅಂಟಿಸುವ ಉಪಾಯ ಕಾಯಿಗೂ ಆಗುತ್ತದೆ, ನಕ್ಷತ್ರಕ್ಕೂ ಆಗುತ್ತದೆ. ಸಂತೆ, ಶಾಲೆ ಎಂಬ ಈ ಎರಡು ಕೋಣೆಗಳ ನಡುವೆ ಬಾಗಿಲು ಇಲ್ಲದಿರುವುದೇ ತೊಂದರೆ.

ಈಗ ಅಡುಗೆಮನೆಗೆ ಹೋಗೋಣ ಬನ್ನಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೀನ್ ಲೇವ್ ಎಂಬ ವಿದ್ವಾಂಸೆ ಮತ್ತು ಅವರ ಜೊತೆಗಾರರು ದೊಡ್ಡವರು ಮನೆಯಲ್ಲಿ, ಅಂಗಡಿಯಲ್ಲಿ ಹೇಗೆ ಲೆಕ್ಕ ಮಾಡುತ್ತಾರೆ ಅಂತ ನೋಡುತ್ತಿದ್ದರು. ಅಲ್ಲೊಬ್ಬರು ತೂಕ ಇಳಿಸಲು ಊಟವನ್ನು ಅಳೆದು ತಿನ್ನುತ್ತಿದ್ದರು. ಒಂದು ದಿನ ಅವರಿಗೆ ಬೇಕಾಗಿದ್ದದ್ದು ಒಂದು ಬಟ್ಟಲಿನ ಮೂರರಲ್ಲಿ ಎರಡು ಪಾಲಿನ ಮುಕ್ಕಾಲು ಭಾಗ ಪನೀರು. ಹಾಲು ಒಡೆಸಿ ಮಾಡುವ ಮೆತ್ತನೆಯ, ಪುಡಿಪುಡಿ ಪನೀರು.

ಮೂರರಲ್ಲಿ ಎರಡು, ಅದರಲ್ಲಿ ಮುಕ್ಕಾಲು. ತಲೆ ತಿರುಗಿತಲ್ಲ? ಅವರಿಗೂ ತಿರುಗಿತು. ಕಾಲೇಜಿನಲ್ಲಿ ದೊಡ್ಡ ಗಣಿತವನ್ನೇ ಓದಿದ್ದೆನಲ್ಲ ಅಂತ ಗೊಣಗಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೊಳೆಯಿತು ಅಂದರು.

ಏನು ಮಾಡಿದರು ಗೊತ್ತೇ? ಅಳತೆಯ ಬಟ್ಟಲಿನಲ್ಲಿ ಮೂರರಲ್ಲಿ ಎರಡು ಪಾಲು ಪನೀರು ತುಂಬಿ ಹಲಗೆಯ ಮೇಲೆ ಸುರಿದರು. ಅಮ್ಮ ಅಕ್ಕಿರೊಟ್ಟಿ ತಟ್ಟುವ ಹಾಗೆ ಕೈಯಿಂದ ದುಂಡಗೆ ತಟ್ಟಿದರು. ಅದರ ಮೇಲೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದರು. ನಾಲ್ಕು ತುಂಡಾಯಿತು. ಒಂದು ತುಂಡು ತೆಗೆದಿಟ್ಟರು. ಉಳಿದದ್ದೇ ಮುಕ್ಕಾಲು! ಬಡಿಸಿಕೊಂಡು ಊಟಕ್ಕೆ ಕೂತರು.

ಕಾಗದದಲ್ಲಿ ಮಾಡಿದ್ದರೆ ಮುಕ್ಕಾಲನ್ನು ಮೂರನೇ ಎರಡರಿಂದ ಗುಣಿಸಬೇಕಿತ್ತು, ಉತ್ತರ ಸರಿಯಾಗಿ ಅರ್ಧ ಬಟ್ಟಲು. ಅದನ್ನು ಅವರು ಲೆಕ್ಕ ಹಾಕಲೇ ಇಲ್ಲ. ಹಾಕಿ ನೋಡಿ ತಾಳೆ ಮಾಡಲೂ ಇಲ್ಲ. ಲೆಕ್ಕದ ಅರ್ಧ ಕೆಲಸವನ್ನು ಬಟ್ಟಲು ಮಾಡಿತು, ಇನ್ನರ್ಧವನ್ನು ಹಲಗೆ ಮಾಡಿತು. ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮಜ್ಜಿ ಸೇರು, ಪಾವು ಹಿಡಿದು ಅಕ್ಕಿ ಅಳೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ನಾಲ್ಕು ಪಾವಿಗೆ ಒಂದು ಸೇರು. ಮುಕ್ಕಾಲು ಸೇರು ಬೇಕೆಂದರೆ ಅವಳು ಭಾಗಿಸುತ್ತಿರಲಿಲ್ಲ, ಮೂರು ಸಲ ಪಾವು ಬಗ್ಗಿಸುತ್ತಿದ್ದಳು. ಅವಳ ಯೋಚನೆಯ ಒಂದು ತುಂಡು ಆ ಹಿತ್ತಾಳೆಯ ಪಾವಿನೊಳಗೇ ಕೂತಿತ್ತು.

ಇನ್ನೊಂದು ಕತೆ ಇದೆ, ಅದರಲ್ಲಿ ಕರಡಿ ಬರುತ್ತದೆ. ಅಲೆಕ್ಸಾಂಡರ್ ಲೂರಿಯಾ ಎಂಬ ರಷ್ಯಾದ ವಿಜ್ಞಾನಿ 1931 ಮತ್ತು 1932ರಲ್ಲಿ ಮಧ್ಯ ಏಷ್ಯಾದ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋದರು. ಶಾಲೆಯ ಮುಖವನ್ನೇ ನೋಡದ ರೈತರ ಜೊತೆ ಚಹಾ ಕುಡಿಯುತ್ತಾ ಒಗಟು ಕೇಳುವ ಹಾಗೆ ಪ್ರಶ್ನೆ ಕೇಳಿದರು. ದೂರದ ಬಡಗಣ ನಾಡಿನಲ್ಲಿ, ಹಿಮ ಬೀಳುವ ಕಡೆ, ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಎಂಬ ಜಾಗ ಆ ಬಡಗಣ ನಾಡಿನಲ್ಲಿದೆ. ಅಲ್ಲಿಯ ಕರಡಿ ಯಾವ ಬಣ್ಣ?

ನೀವು ಥಟ್ಟನೆ ಬಿಳಿ ಅಂದಿರಿ. ಆ ರೈತರು ಹಾಗನ್ನಲಿಲ್ಲ. ನನಗೆ ಗೊತ್ತಿಲ್ಲ, ನಾನು ಕಪ್ಪು ಕರಡಿ ನೋಡಿದ್ದೇನೆ, ಬೇರೆಯದನ್ನು ನೋಡಿಲ್ಲ, ಒಂದೊಂದು ಸೀಮೆಗೆ ಒಂದೊಂದು ಪ್ರಾಣಿ ಅನ್ನುವ ಧಾಟಿಯಲ್ಲಿ ಒಬ್ಬರು ಉತ್ತರ ಕೊಟ್ಟರು.

ಅವರಿಗೆ ಯೋಚಿಸಲು ಬರುತ್ತಿರಲಿಲ್ಲವೇ? ಮಳೆ, ಕುದುರೆ, ಹತ್ತಿ, ನೀರು ಇವುಗಳ ವಿಚಾರದಲ್ಲಿ ಅವರೆದುರು ನಿಂತರೆ ನಾವು ಕೂಸುಗಳು. ಕಣ್ಣಾರೆ ನೋಡದ್ದನ್ನು ಹೇಳಬಾರದು ಅನ್ನುವುದು ಅವರ ಹಳ್ಳಿಯ ಮರ್ಯಾದೆ. ನೋಡದಿದ್ದರೂ ಪರವಾಗಿಲ್ಲ, ಪ್ರಶ್ನೆಯಲ್ಲಿ ಹೇಳಿದ್ದನ್ನು ನಂಬಿ ಮುಂದೆ ಹೋಗು ಅನ್ನುವುದು ಶಾಲೆಯ ಆಟ. ಎರಡನೇ ಕ್ಲಾಸಿನಲ್ಲಿ ರಾಮನ ಬಳಿ ಐದು ಮಾವಿನಹಣ್ಣು ಇದ್ದವು ಅಂದ ಕೂಡಲೇ, ಯಾವ ರಾಮ, ಯಾವ ತೋಪಿನ ಹಣ್ಣು ಅಂತ ಕೇಳದೆ ಲೆಕ್ಕಕ್ಕೆ ಇಳಿಯುವುದನ್ನು ನೀವು ಕಲಿತಿರಿ. ಕಲಿತದ್ದೇ ನಿಮಗೆ ಮರೆತುಹೋಗಿದೆ.

ಲೂರಿಯಾ ಅವರ ಗೆಳೆಯ ಲೆವ್ ವೈಗಾಟ್‌ಸ್ಕಿ. 1896ರಲ್ಲಿ ಹುಟ್ಟಿ 1934ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಇದ್ದ ಸ್ವಲ್ಪ ದಿನಗಳಲ್ಲೇ ಒಂದು ಚೆಂದದ ಮಾತನ್ನು ತೋರಿಸಿಕೊಟ್ಟರು. ಮಗು ಕಲಿಯುವುದೆಲ್ಲ ಮೊದಲು ಇಬ್ಬರ ನಡುವೆ ಇರುತ್ತದೆ, ಆಮೇಲೆ ಒಬ್ಬರ ಒಳಗೆ ಇಳಿಯುತ್ತದೆ ಅನ್ನುವುದೇ ಅದರ ತಿರುಳು.

ಇದನ್ನು ಚುಕ್ಕಿ ರಂಗೋಲಿಯಲ್ಲಿ ನೋಡಬಹುದು. ಮೊದಲ ದಿನ ಅತ್ತೆ ಚುಕ್ಕಿ ಇಡುತ್ತಾಳೆ, ನಿಮ್ಮ ಬೆರಳು ಹಿಡಿದು ಗೆರೆ ಎಳೆಸುತ್ತಾಳೆ. ಇಲ್ಲಿಂದ ಸುತ್ತು, ಆ ಚುಕ್ಕಿ ಬಿಡು, ಈಗ ಕೆಳಗೆ ಬಾ ಅನ್ನುತ್ತಾಳೆ. ನಾಲ್ಕು ದಿನ ಕಳೆದ ಮೇಲೆ ಬೆರಳು ಬಿಡುತ್ತಾಳೆ, ಬಾಯಿ ಮಾತ್ರ. ಇನ್ನೂ ಕೆಲವು ದಿನ ಹೋದರೆ ಹೊಸ್ತಿಲ ಮೇಲೆ ಸುಮ್ಮನೆ ಕೂತು ಕಾಫಿ ಕುಡಿಯುತ್ತಾಳೆ. ಈಗ ಕಿವಿಗೊಡಿ. ಯಾರೋ ಮೆಲ್ಲಗೆ, ಇಲ್ಲಿಂದ ಸುತ್ತು, ಆ ಚುಕ್ಕಿ ಬಿಡು ಅನ್ನುತ್ತಿದ್ದಾರೆ. ಯಾರು? ನೀವೇ! ಅತ್ತೆಯ ಮಾತು ನಿಮ್ಮ ಬಾಯಿಗೆ ಬಂದಿದೆ. ಇನ್ನೊಂದು ತಿಂಗಳಿಗೆ ಅದು ಬಾಯಿಯಿಂದಲೂ ಮರೆಯಾಗಿ ತಲೆಯೊಳಗೆ ಸೇರಿಕೊಳ್ಳುತ್ತದೆ.

ಸಣ್ಣ ಮಕ್ಕಳು ಕಷ್ಟದ ಕೆಲಸ ಬಂದಾಗ ತಮ್ಮಷ್ಟಕ್ಕೆ ಹೆಚ್ಚು ಮಾತಾಡಿಕೊಳ್ಳುವುದನ್ನು ವೈಗಾಟ್‌ಸ್ಕಿ ಗಮನಿಸಿದ್ದರು. ತಂಗಿಯೋ ತಮ್ಮನೋ ಹಾಗೆ ಗುನುಗುತ್ತಿದ್ದರೆ, ಬಾಯಿ ಮುಚ್ಚಿಕೊಂಡು ಮಾಡು ಅಂತ ಗದರಬೇಡಿ. ಅದು ವಟವಟ ಅಲ್ಲ, ಅದೇ ಯೋಚನೆ. ರೆಸಿಫೆಯ ಹುಡುಗ ಇನ್ನೂ ನಾಲ್ಕು ಬಾಕಿ ಅಂತ ಗುನುಗಿಕೊಂಡಿದ್ದು ನೆನಪಿದೆಯಲ್ಲ?

ಮನೆ ಕಟ್ಟುವಾಗ ಗಾರೆಯವರು ಗೋಡೆಗೆ ಸಾರುವೆ ಕಟ್ಟುವುದನ್ನು ನೋಡಿರುತ್ತೀರಿ. ಮರದ ಕಂಬ, ಅಡ್ಡ ಗಳು, ಹಗ್ಗ. ಗೋಡೆ ಮೇಲೆದ್ದು ಗಟ್ಟಿಯಾದ ಮೇಲೆ ಅದನ್ನು ಬಿಚ್ಚಿ ಒಯ್ಯುತ್ತಾರೆ. ಕಲಿಸುವವರ ಸಹಾಯವನ್ನು ವಿಜ್ಞಾನಿಗಳು ಈ ಸಾರುವೆಗೇ ಹೋಲಿಸುತ್ತಾರೆ. ಬೇಗ ಬಿಚ್ಚಿದರೆ ಗಾರೆಯವರು ಬೀಳುತ್ತಾರೆ, ಬಿಚ್ಚದೇ ಬಿಟ್ಟರೆ ಮನೆಗೆ ಲಕ್ಷಣವಿಲ್ಲ. ಯಾವಾಗ ಬಿಚ್ಚಬೇಕು ಅನ್ನುವುದು ಒಳ್ಳೆಯ ಅತ್ತೆಗೂ ಒಳ್ಳೆಯ ಟೀಚರಿಗೂ ಗೊತ್ತಿರುತ್ತದೆ.

ನಮ್ಮ ಅನೇಕ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಸುತ್ತಾರಲ್ಲ, ನನಗೆ ಅದು ಬಹಳ ಇಷ್ಟ. ಮಕ್ಕಳೇ ಸೊಪ್ಪು, ನಿಂಬೆಹಣ್ಣು, ಕಡಲೆಕಾಯಿ ತಂದು ಗೋಣಿ ಹಾಸಿ ಕೂರುತ್ತಾರೆ. ಅಪ್ಪ ಅಮ್ಮಂದಿರೇ ಗಿರಾಕಿಗಳು. ನಾನು ಹೇಳಿದ ಎರಡು ಕೋಣೆಗಳ ನಡುವಿನ ಬಾಗಿಲು ಅವತ್ತು ತೆರೆಯುತ್ತದೆ. ಆದರೆ ಒಂದೇ ದಿನಕ್ಕೆ ಮುಚ್ಚಿಬಿಡುವುದು ನನಗೆ ಸಾಲದು. ಮರುದಿನ ಅವೇ ಲೆಕ್ಕಗಳನ್ನು ಕರಿಹಲಗೆಯ ಮೇಲೆ ಬರೆದು, ನಿನ್ನೆ ನೀನು ಬಾಯಲ್ಲಿ ಹೇಗೆ ಮಾಡಿದೆ, ಇವತ್ತು ಇಲ್ಲಿ ಹೇಗೆ ಮಾಡುತ್ತೀಯ ಅಂತ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಿಮ್ಮ ಟೀಚರನ್ನು ಕೇಳಿ, ಖಂಡಿತ ಒಪ್ಪುತ್ತಾರೆ.

ಅಲ್ಲಿಯವರೆಗೆ ನಿಮಗೊಂದು ಕೆಲಸ. ಮುಂದಿನ ವಾರ ಸಂತೆಗೆ ಹೋದಾಗ ಸೊಪ್ಪು ಮಾರುವ ಅಜ್ಜಿಯೋ ಹೂ ಮಾರುವ ಅಕ್ಕನೋ ಲೆಕ್ಕ ಮಾಡುವಾಗ ಅವರ ತುಟಿ, ಬೆರಳು ನೋಡಿ. ಎಷ್ಟೆಷ್ಟರ ಗುಂಪು ಮಾಡಿ ಎಣಿಸುತ್ತಾರೆ? ಎಲ್ಲಿಂದ ಶುರು ಮಾಡುತ್ತಾರೆ? ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆದರೆ ವ್ಯಾಪಾರದ ಹೊತ್ತು, ಸುಮ್ಮನೆ ನಿಂತು ಕೇಳಬೇಡಿ. ಎರಡು ಕಟ್ಟು ಸೊಪ್ಪು ಕೊಂಡು ಕೇಳಿ, ಚಿಲ್ಲರೆಯನ್ನು ನೀವೇ ಮೊದಲು ಹೇಳಿ.